ಪ್ರಿಂಟ್ ಬರುವಾಗ ಒತ್ತಿದ ಬಟನ್

ಮುಂಬಯಿ ಹತ್ತಿರದ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಸಣ್ಣ ಕಂಪನಿಯೊಂದರಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದೆ. ಬಣ್ಣದ ಕಾರ್ಖಾನೆಗಳಲ್ಲಿ ಟ್ಯಾಂಕಿಗೆ ರಾಸಾಯನಿಕ ಅಳೆದು ಬಿಡುವ ಪಂಪುಗಳಿಗೆ ನಾವು ಕಂಟ್ರೋಲರ್ ತಯಾರಿಸುತ್ತಿದ್ದೆವು. ಅದರೊಳಗಿನ ಪ್ರೋಗ್ರಾಮ್ ಬರೆಯಲು ಮೊದಲು ಮೂವರಿದ್ದೆವು. ಉಳಿದಿಬ್ಬರು ನವಿ ಮುಂಬಯಿಯ ದೊಡ್ಡ ಕಂಪನಿಗಳಿಗೆ ಹೋದ ಮೇಲೆ ನಾನೊಬ್ಬಳೇ ಉಳಿದೆ. ಅಮ್ಮ ತೀರಿಕೊಂಡದ್ದೂ ಅದೇ ವರ್ಷ. ವರ್ತಕ ನಗರದ ಮನೆಯಲ್ಲಿ ನನ್ನೊಡನೆ ತುಳು ಆಡುವವರು ಯಾರೂ ಇರಲಿಲ್ಲ. ಕೆಲವು ದಿನ ಲೋಕಲ್ ಟ್ರೇನಿನಲ್ಲಿ “ಥೋಡಾ ಸರಕೋ”, ಸ್ವಲ್ಪ ಸರಿಯಿರಿ, ಅಂದದ್ದು ಬಿಟ್ಟರೆ ಬಾಯಿಯೇ ತೆರೆಯುತ್ತಿರಲಿಲ್ಲ.

ಆಗ ಒಂದು ಕಾರ್ಖಾನೆಯಿಂದ ದೂರು ಬಂತು. ನಾಲ್ಕೈದು ದಿನಕ್ಕೊಮ್ಮೆ ಕಂಟ್ರೋಲರ್ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ, ಸ್ವಿಚ್ ಆರಿಸಿ ಹಾಕಿದರೆ ಸರಿಹೋಗುತ್ತದೆ. ಅಂಥದ್ದೇ ಒಂದನ್ನು ಆಫೀಸಿನ ನನ್ನ ಮೇಜಿನ ಮೇಲೆ ಮೂರು ವಾರ ಓಡಿಸಿದೆ, ಒಮ್ಮೆಯೂ ನಿಲ್ಲಲಿಲ್ಲ. “ತುಮ್ಹೀಚ್ ಬಘಾ, ದುಸರಂ ಕೋಣ್ ಆಹೇ?” ಎಂದರು ಸಾಹೇಬರು. ನಿಜ, ನಾನೇ ನೋಡಬೇಕು, ಬೇರೆ ಯಾರಿದ್ದರು?

ಕಾರ್ಖಾನೆಗೆ ಹೋದಾಗ, ಐವತ್ತು ದಾಟಿದ ಆಪರೇಟರ್ ಒಬ್ಬರು ಕಂಟ್ರೋಲರಿನ ಮುಂದೆ ನಿಂತು ಬೈಯುತ್ತಿದ್ದರು. “ನಿನಗೇನ್ ಧಾಡಿ ಆಗೇತಿ?”

ನನಗೆ ನಗು ತಡೆಯಲಾಗಲಿಲ್ಲ. ಅವರು ತಿರುಗಿದರು.

“ಅಯ್ಯ, ಮೇಡಮ್ಮಾರ, ಕನ್ನಡ ಬರ್ತೈತೇನ್ರಿ? ನಮ್ಮದು ವಿಜಾಪುರ.”

“ನಮ್ಮದು ಉಡುಪಿ ಕಡೆ ಮಾರಾಯ್ರೆ. ಹುಟ್ಟಿದ್ದು ಮಾತ್ರ ಇಲ್ಲೇ.”

ಮೂರು ದಿನ ಅವರ ಪಕ್ಕದ ಸ್ಟೂಲಿನಲ್ಲಿ ಕೂತೆ. ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಮೂರನೆಯ ದಿನ ಊಟದ ನಡುವೆ ಅವರೇ ಹೇಳಿದರು: “ಸುಮ್‌ಸುಮ್ನ ನಿಂದ್ರಂಗಿಲ್ರಿ ಅದು. ಅಳತಿ ಚೀಟಿ ಪ್ರಿಂಟ್ ಬರೂ ಮುಂದ ನಾ ಸೆಟ್ಟಿಂಗ್ ಬಟನ್ ಒತ್ತಿದ್ರ, ಒಮ್ಮೊಮ್ಮೆ ನಿಂದರ್ತೈತಿ.”

ಆಫೀಸಿನ ಮೇಜಿನ ಬಳಿ ಒಂಟಿಯಾಗಿದ್ದ ನಾನು ಪ್ರಿಂಟ್ ಬರುವಾಗ ಕೈಕಟ್ಟಿ ನೋಡುತ್ತಿದ್ದೆ. ಈಗ ನಾನು ಲ್ಯಾಪ್‌ಟಾಪಿನಿಂದ ಪ್ರಿಂಟ್ ಕೊಡುವುದು, ಅವರು ಬಟನ್ ಒತ್ತುವುದು. ಎಷ್ಟನೆಯ ಸಲವೋ, ಕಂಟ್ರೋಲರಿನ ಪರದೆ ಕಲ್ಲಿನಂತೆ ನಿಂತುಬಿಟ್ಟಿತು. ಅವರು ಚಪ್ಪಾಳೆ ತಟ್ಟಿದರು.

ತಪ್ಪು ನನ್ನದೇ. ಪ್ರಿಂಟಿನ ಕೆಲಸ, ಬಟನ್ನಿನ ಕೆಲಸ ಎರಡೂ ಒಟ್ಟೊಟ್ಟಿಗೆ ಓಡುತ್ತವೆ. ಎರಡೂ ಒಂದೇ ಸಲ ಕೈಹಾಕಿ ಮಾಹಿತಿ ಕೆಡಿಸದಿರಲಿ ಎಂದು ಅಳತೆಗೊಂದು, ಸೆಟ್ಟಿಂಗಿಗೊಂದು ಲಾಕ್ ಇಟ್ಟಿದ್ದೆ. ಪ್ರಿಂಟಿನ ಕೆಲಸ ಅಳತೆಯ ಲಾಕ್ ಹಿಡಿದು ಸೆಟ್ಟಿಂಗಿನದಕ್ಕೆ ಕಾಯುತ್ತಿತ್ತು. ಬಟನ್ನಿನ ಕೆಲಸ ಸೆಟ್ಟಿಂಗಿನದನ್ನು ಹಿಡಿದು ಅಳತೆಯದಕ್ಕೆ ಕಾಯುತ್ತಿತ್ತು. ಯಾವುದೂ ಬಿಟ್ಟುಕೊಡುತ್ತಿರಲಿಲ್ಲ. ಎರಡೂ ಮೊದಲು ಅಳತೆಯದನ್ನೇ ಹಿಡಿಯಲಿ ಎಂದು ನಾಲ್ಕು ಸಾಲು ಬದಲಿಸಿದೆ, ಅಷ್ಟೇ.

“ಇನ್ನ ನೀವು ಬರಂಗಿಲ್ಲ ಅನ್ರಿ,” ಎಂದರು ಆಪರೇಟರ್.

“ಬರ್ತೇನೆ,” ಎಂದೆ.

ದೂರು ಮತ್ತೆ ಬರಲಿಲ್ಲ. ಹೋಗಲು ಕಾರಣವೇ ಇರಲಿಲ್ಲ. ಎರಡು ತಿಂಗಳಾದ ಮೇಲೆ ತಪಾಸಣೆಯ ನೆಪ ಹೇಳಿಕೊಂಡು ಹೋದೆ. ಸ್ಟೂಲಿನ ಮೇಲೆ ಬೇರೊಬ್ಬರು ಕೂತಿದ್ದರು. ಹಳಬರು ಕಲ್ಯಾಣ ಪಟ್ಟಣದಾಚೆ ಯಾವುದೋ ಕಂಪನಿ ಸೇರಿದ್ದಾರಂತೆ, ಯಾವುದೆಂದು ಗೊತ್ತಿಲ್ಲವಂತೆ.

“ಕ್ಯಾ ಪ್ರಾಬ್ಲಮ್ ಹೈ, ಮೇಡಂ?” ಎಂದು ಹೊಸಬರು ಕೇಳಿದರು.

“ಕುಛ್ ನಹೀಂ,” ಏನೂ ಇಲ್ಲ ಎಂದೆ. ಬಂದದ್ದಕ್ಕೆಂದು ತಂತಿಗಳನ್ನು ಒಮ್ಮೆ ಅಲುಗಾಡಿಸಿ ನೋಡಿ, ಗೇಟಿನ ಪುಸ್ತಕದಲ್ಲಿ ಸಹಿ ಹಾಕಿ, ಸ್ಟೇಷನ್ನಿಗೆ ರಿಕ್ಷಾ ಹಿಡಿದೆ.