ಗುರುತು ಸಿಗುವ ಹಾಗೆ ಒಂದು ಫೋಟೋ

ಆಸ್ಪತ್ರೆಯ ಶವಾಗಾರದ ಹೊರಗೋಡೆಗೆ ಅಂಟಿಸಿದ್ದ ಫೋಟೋವೊಂದನ್ನು ನೋಡಿ ತಾಯಿಯೊಬ್ಬಳು, "ಇವನು ನನ್ನ ಮಗ ಅಲ್ಲ" ಎಂದು ಹೇಳಿ ಮನೆಗೆ ಹೋದಳು. ಅವನು ಅವಳ ಮಗನೇ ಆಗಿದ್ದ. ಕಾಯುವ ಗಡುವು ಮುಗಿದ ಮೇಲೆ, ವಾರಸುದಾರರಿಲ್ಲದ ಹೆಣವೆಂದು ಅವನನ್ನು ಇನ್ನೂ ಕೆಲವರ ಜೊತೆ ಒಂದೇ ಗುಂಡಿಯಲ್ಲಿ ಹೂಳಲಾಯಿತು.

ಆ ಫೋಟೋ ತೆಗೆದವಳು ಈಗ ಅದೇ ಶವಾಗಾರದ ಬಾಗಿಲು ತೆಗೆಯುತ್ತಿದ್ದಾಳೆ. ಬೆಳಕು ಹರಿಯಲು ಇನ್ನೂ ಸ್ವಲ್ಪ ಹೊತ್ತಿದೆ. ಒಳಗಿನ ತಣ್ಣನೆಯ ಗಾಳಿ ಕಾಲಿನಿಂದ ಮೇಲಕ್ಕೆ ಏರುತ್ತದೆ. ಟ್ಯೂಬ್‌ಲೈಟಿನ ಸ್ವಿಚ್ಚು ಕೈಗೆಟಕುವಲ್ಲೇ ಇದ್ದರೂ ಅವಳು ಮುಟ್ಟುವುದಿಲ್ಲ. ಕತ್ತಲಲ್ಲೇ ಗಾಲಿಮಂಚವೊಂದನ್ನು ತಳ್ಳಿಕೊಂಡು ಪೂರ್ವದ ಕಿಟಕಿಯ ಪಕ್ಕ ನಿಲ್ಲಿಸುತ್ತಾಳೆ. ಎದುರಿನ ಕುರ್ಚಿಯ ಬೆನ್ನಿಗೆ ಒಂದು ಬಿಳಿ ಬಟ್ಟೆ ಹಾಕುತ್ತಾಳೆ, ಕಿಟಕಿಯ ಬೆಳಕು ಅದಕ್ಕೆ ತಾಗಿ ಮುಖದ ಮತ್ತೊಂದು ಬದಿಗೂ ಬೀಳಲಿ ಎಂದು. ಆಮೇಲೆ ಕಾಯುತ್ತಾಳೆ. ಗಾಜು ಬೂದುಬಣ್ಣಕ್ಕೆ ತಿರುಗಿದಾಗ ಮಂಚದ ಮೇಲಿನ ಹೆಣದ ಮುಸುಕನ್ನು ಎದೆಯವರೆಗೆ ಸರಿಸುತ್ತಾಳೆ.

"ಮುಖ ಸ್ವಲ್ಪ ಈ ಕಡೆ ಕೊಡಣ್ಣ. ಹಾಂ, ಅಷ್ಟೇ. ಮುಗೀತು ನೋಡು."

ಗದ್ದವನ್ನು ತಿರುಗಿಸುವುದು ಅವಳ ಕೈ. ಮಾತು ಮಾತ್ರ ಅವನೇ ತಿರುಗಿದ ಹಾಗೆ. ಕ್ಯಾಮೆರಾ ಕ್ಲಿಕ್ ಎನ್ನುತ್ತದೆ. ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ: ಯಾರೋ ಕಣ್ಣು ಮುಚ್ಚಿದ್ದಾರೆ, ಮತ್ತೊಮ್ಮೆ ತೆಗೆಯಬೇಕೇ? ಅವಳು "ಬೇಡ" ಎಂಬಲ್ಲಿ ಒತ್ತುತ್ತಾಳೆ. ಮನೆ ಸಮಾರಂಭಗಳಿಗೆಂದು ಮಾಡಿದ ಕ್ಯಾಮೆರಾ ಅದು. ಪ್ರತಿ ಫೋಟೋಗೂ ಕೇಳುತ್ತದೆ, ಪ್ರತಿ ಸಲವೂ ಅವಳು ಬೇಡ ಎನ್ನುತ್ತಾಳೆ.

"ಒಂದ್ಸಲ ಮಾತ್ರ ಕೇಳಲಿಲ್ಲ," ಎನ್ನುತ್ತಾಳೆ, ಲೆನ್ಸ್ ಒರೆಸುತ್ತಾ. "ಒಬ್ಬ ಅಜ್ಜಿ. ಕಣ್ಣು ನಾನೇ ಮುಚ್ಚಿದ್ದೆ. ಫೋಟೋದಲ್ಲೂ ಮುಚ್ಚೇ ಇತ್ತು. ಆದ್ರೂ ಇದು ಸುಮ್ನಿತ್ತು. ಹೋಗಿ ಮೂಗಿನ ಹತ್ರ ಕೈ ಹಿಡಿದೆ. ತಣ್ಣಗೇ ಇದ್ಳು. ಏನ್ ಮಾಡ್ಲಿ? 'ಅಜ್ಜಿ, ನೋಡ್ತಿದ್ರೆ ನೋಡ್ಕೋ' ಅಂತ ಹೇಳಿ ನೆಲ ಒರೆಸೋಕೆ ಹೋದೆ."

ನೆಲ ಒರೆಸುವುದೇ ಅವಳ ಕೆಲಸ. ಗುತ್ತಿಗೆಯ ಮೇಲೆ ಬಂದವಳು. ಇಲ್ಲಿದ್ದ ಫೋಟೋಗ್ರಾಫರ್ ನಿವೃತ್ತನಾದ. ಅವನ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಸತ್ತವರು ದೂರು ಕೊಡುವುದಿಲ್ಲ, ಗೋಡೆಯ ಮೇಲೆ ಮುಖ ಹುಡುಕಿಕೊಂಡು ಬರುವವರು ದೂರು ಕೊಡುವಷ್ಟು ದೊಡ್ಡವರಲ್ಲ. ಒಂದು ದಿನ ಮೇಲಧಿಕಾರಿ ಬೀರುವಿನಿಂದ ಕ್ಯಾಮೆರಾ ತೆಗೆದು, ಗುಡಿಸುತ್ತಿದ್ದ ಇವಳ ಕೈಗೆ ಕೊಟ್ಟ. "ಬಟನ್ ಒತ್ತೋದೇನು ದೊಡ್ಡ ವಿದ್ಯೇನಾ?" ಎಂದ. ಅಷ್ಟೇ ತರಬೇತಿ. ಈಜು ಬಾರದವಳನ್ನು ಬಾವಿಗೆ ತಳ್ಳಿ ಮೇಲಿಂದ ನೋಡುತ್ತ ನಿಲ್ಲುವುದಕ್ಕೆ ಕಚೇರಿಯ ಭಾಷೆಯಲ್ಲಿ "ಹೆಚ್ಚುವರಿ ಜವಾಬ್ದಾರಿ" ಎನ್ನುತ್ತಾರೆ. ಹೆಚ್ಚುವರಿ ಸಂಬಳದ ಮಾತು ಅದರಲ್ಲಿ ಬರುವುದಿಲ್ಲ.

ಮೊದಲ ದಿನಗಳಲ್ಲಿ ಅವಳು ಒತ್ತಿದಾಗಲೆಲ್ಲ ಫ್ಲ್ಯಾಶ್ ಕಿಟಕಿಯಿಂದಾಚೆ ಮಿಂಚುತ್ತಿತ್ತು. ಗೇಟಿನ ಬಳಿಯ ಆಂಬುಲೆನ್ಸ್ ಚಾಲಕರು ಅವಳಿಗೆ "ಮಿಂಚಕ್ಕ" ಎಂದು ಹೆಸರಿಟ್ಟರು. "ಮಿಂಚಕ್ಕಾ, ಒಳಗಿರೋರು ಬೆಚ್ಚಿಬಿದ್ದು ಎದ್ದು ಬಂದ್ರೆ ನಮ್ಮ ಗಾಡೀಲಿ ವಾಪಸ್ ಕರ್ಕೊಂಡು ಹೋಗಲ್ಲ, ಹೇಳಿರ್ತೀವಿ" ಎಂದು ಕಿಚಾಯಿಸುತ್ತಿದ್ದರು. ಅವಳೂ ನಗುತ್ತಿದ್ದಳು.

ಆ ತಾಯಿ ಎರಡನೇ ಸಲ ಬಂದ ದಿನ ನಗು ನಿಂತಿತು. ಹೂಳಿದವರ ಬಟ್ಟೆಗಳನ್ನು ಗಂಟು ಕಟ್ಟಿ ಇಡುತ್ತಾರೆ. ಮಗ ಇನ್ನೂ ಬಂದಿಲ್ಲವೆಂದು ಅಲೆಯುತ್ತಿದ್ದ ಆಕೆಗೆ ಯಾರೋ ಅದನ್ನೂ ಒಮ್ಮೆ ನೋಡು ಎಂದಿದ್ದರು. ಒಂದು ಅಂಗಿ ಹೊರಬಂತು. ಸವೆದ ಕಾಲರನ್ನು ಬಿಚ್ಚಿ, ತಿರುಗಿಸಿ, ಮತ್ತೆ ಹೊಲಿದಿತ್ತು. ಹೊಲಿಗೆ ಆಕೆಯದೇ.

"ಅಳಲಿಲ್ಲ ಆಯಮ್ಮ. ಅತ್ತಿದ್ರೆ ಚೆನ್ನಾಗಿತ್ತು," ಎನ್ನುತ್ತಾಳೆ ಮಿಂಚಕ್ಕ. "ಫೋಟೋ ಇನ್ನೊಂದ್ಸಲ ತೋರಿಸು ಅಂದ್ರು. ತೋರಿಸಿದೆ. 'ಇವನ ತಲೆ ಬಾಚಿದ್ಯಾರು?' ಅಂದ್ರು. ನಾನೇ ಅಂದೆ. 'ಹಣೆ ಮೇಲೆ ಸುಟ್ಟ ಕಲೆ ಇದೆ ಅಂತ ಚಿಕ್ಕೋನಿದ್ದಾಗಿಂದ ಕೂದಲು ಇಳಿಬಿಡ್ತಿದ್ದ. ಹಣೆ ಬಿಟ್ಟಿದ್ದು ನಾನು ಯಾವತ್ತೂ ನೋಡಿಲ್ಲ. ಅವನು ಕಪ್ಪು. ಇವನು ಸುಣ್ಣ ಬಳಿದ ಗೋಡೆ ಹಾಗಿದಾನೆ. ನೀನು ನನ್ನ ಮಗನನ್ನ ಒರೆಸಿ ಹಾಕಿದೀಯ' ಅಂದ್ರು."

ಅವಳು ಮಾಡಿದ್ದು ಇಷ್ಟು. ಸತ್ತವನಿಗೆ ಮರ್ಯಾದೆಯಾಗಲಿ ಎಂದು ಮುಖ ತೊಳೆದಿದ್ದಳು. ನೀರು ಹಚ್ಚಿ ಕೂದಲನ್ನು ಹಿಂದಕ್ಕೆ ಬಾಚಿದ್ದಳು. ಬಟ್ಟೆಯನ್ನು ಗದ್ದದವರೆಗೆ ಎಳೆದಿದ್ದಳು. ಹತ್ತಿರ ನಿಂತು ಫ್ಲ್ಯಾಶ್ ಹೊಡೆದಿದ್ದಳು. ಮೈಬಣ್ಣ ಅಳಿಸಿತು, ಕಲೆ ಬೆಳಕಿನಲ್ಲಿ ಕರಗಿತು, ಮೂಗು ಊದಿಕೊಂಡಿತು. ಚೆಂದ ಕಾಣಲೆಂದು ಮಾಡಿದ ಒಂದೊಂದು ಕೆಲಸವೂ ಅವನನ್ನು ತಾಯಿಯಿಂದ ಒಂದೊಂದು ಹೆಜ್ಜೆ ದೂರ ಒಯ್ದಿತ್ತು.

ಕ್ಯಾಮೆರಾ ವಾಪಸ್ ಕೊಡಲು ಮೇಲಧಿಕಾರಿಯ ಬಳಿ ಹೋದಳು. "ಹಾಗಾದ್ರೆ ಪೊರಕೆನೂ ಇಟ್ಟು ಹೋಗು" ಎಂಬ ಉತ್ತರ ಬಂತು. ಅಲ್ಲಿಂದ ಅವಳು ನೇರ ಹೋಗಿದ್ದು ಬಸ್ ನಿಲ್ದಾಣದ ಹಿಂದಿನ ಓಣಿಗೆ, ಗಿರಾಕಿಗಳಿಲ್ಲದ ಒಂದು ಸ್ಟುಡಿಯೋಗೆ. ಅಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡ ಮುದುಕರೊಬ್ಬರು ಬಾಯಿಗೆ ಬಂದಂತೆ ಬೈಯುವುದಕ್ಕೇ ಹೆಸರಾಗಿದ್ದಾರೆ. ಅವರಿಗೆ ತಾನು ತೆಗೆದದ್ದನ್ನೆಲ್ಲ ತೋರಿಸಿದಳು.

"ಇದು ಫೋಟೋನಾ? ಮಡಕೆಗೆ ಮೂಗು ಅಂಟಿಸಿದಂಗಿದೆ! ಯಾರೇ ತಾಯಿ ನಿನ್ನ ಕೈಗೆ ಕ್ಯಾಮೆರಾ ಕೊಟ್ಟೋರು? ಕೋತಿಗೂ ಇನ್ನೊಂಚೂರು ಚೆನ್ನಾಗಿ ಬರುತ್ತೆ."

"ಬೈದಾಯ್ತಾ ತಾತ? ಈಗ ಹೇಗೆ ತೆಗೀಬೇಕು ಹೇಳಿ."

ಅವಳು ಕಲಿತದ್ದು ಹೀಗೆ. ಮೊದಮೊದಲು ಸ್ಟುಡಿಯೋದಿಂದ ಹೊರಬಂದು ಕಾಲುವೆಯ ಕಟ್ಟೆಯ ಮೇಲೆ ಕುಳಿತು ಅಳುತ್ತಿದ್ದಳಂತೆ. ಈಗ ಅಳು ಬಂದರೂ ಮೊದಲು ಫೋಟೋ ನೋಡುತ್ತಾಳೆ. "ಬೈಗುಳ ನನಗೆ, ಪಾಠ ಫೋಟೋಗೆ. ಎರಡನ್ನೂ ನಾನೇ ಇಟ್ಕೊಂಡ್ರೆ ಫೋಟೋಗೆ ಏನೂ ಉಳಿಯಲ್ಲ." ದೂರ ನಿಂತು ಲೆನ್ಸಿನಿಂದ ಮುಖವನ್ನು ಹತ್ತಿರ ಎಳೆದುಕೋ, ಮೂಗು ಊದುವುದಿಲ್ಲ ಎಂದರು ತಾತ. ಫ್ಲ್ಯಾಶಿನ ಬಾಯಿಗೆ ಪಟ್ಟಿ ಅಂಟಿಸು, ಬೆಳಕು ಬೇಕಾದರೆ ಕಿಟಕಿಯನ್ನು ಕೇಳು ಎಂದರು. ಅವಳು ಕೇಳಿದಳು.

ಹೇಳಿಸಿಕೊಂಡದ್ದನ್ನು ಮಾಡಿ ನೋಡಲು ಬದುಕಿರುವ ಮುಖ ಬೇಕು. ಅದು ಸಿಗುವುದಿಲ್ಲ. ಮನೆಯಲ್ಲಿ ಓರಗಿತ್ತಿ ಕ್ಯಾಮೆರಾ ಕಂಡರೆ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಾಳೆ: "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಆ ಕಡೆ ತಿರುಗಿಸು. ಅದರಲ್ಲಿ ಹೋದೋರು ಯಾರೂ ವಾಪಸ್ ಬಂದಿಲ್ಲ." ಕೊನೆಗೆ ತಾತನೇ ಸ್ಟೂಲಿನ ಮೇಲೆ ಕುಳಿತರು. ಫೋಟೋ ನೋಡಿ ಕಿರುಚಿದರು: "ಜೀವ ಇರೋನನ್ನೂ ಹೆಣ ಮಾಡಿದೀಯಲ್ಲೇ!" ಆ ಫೋಟೋ ಈಗ ಸ್ಟುಡಿಯೋದ ಗಾಜಿನ ಹಿಂದಿದೆ. ಹೋದವರೆಂದು ತಿಳಿದು ಒಬ್ಬರು ಕೈಮುಗಿದೂ ಹೋದರಂತೆ.

ನಗು ಬರುವ ಈ ಕಥೆಗಳ ನಡುವೆ ಅವಳು ಒಮ್ಮೊಮ್ಮೆ ದನಿ ತಗ್ಗಿಸುತ್ತಾಳೆ. ಮುಖ ಕಂಡಲ್ಲಿ ಕ್ಯಾಮೆರಾ ಒಂದು ಹಳದಿ ಚೌಕ ಬರೆಯುತ್ತದೆ. ಕೆಲವು ದಿನ ಬೆಳಗ್ಗೆ, ತೊಳೆದಿಟ್ಟ ಖಾಲಿ ಮಂಚದ ಕಡೆ ತಿರುಗಿದಾಗಲೂ ಆ ಚೌಕ ಬರುತ್ತದೆ. ತಲೆ ಇರಬೇಕಾದಲ್ಲೇ ಬಂದು ನಿಲ್ಲುತ್ತದೆ, ನಡುಗುತ್ತದೆ, ಹೋಗುತ್ತದೆ. ತಾತನನ್ನು ಕೇಳಿದರೆ, "ಯಂತ್ರಕ್ಕೆ ಮುಖದ ಹಸಿವು ಕಣಮ್ಮ, ಕಲೆ ಕಂಡ್ರೂ ಮುಖ ಅನ್ನುತ್ತೆ" ಎಂದರು. ಅವಳು ಹೌದೆಂದು ತಲೆಯಾಡಿಸಿದಳು. ಆದರೂ ಚೌಕ ಬಂದ ಮಂಚವನ್ನು ಆ ದಿನ ಬೇರೆಯವರಿಗೆ ಕೊಡುವುದಿಲ್ಲ.

ಹೊರಗೋಡೆಯ ಮುಂದಿನ ಬೆಂಚಿನ ಮೇಲೆ ಆ ತಾಯಿ ಈಗ ಬಹುತೇಕ ದಿನ ಬೆಳಗ್ಗೆ ಬಂದು ಕೂರುತ್ತಾಳೆ. ಯಾರೂ ಕರೆದಿಲ್ಲ. ಮಿಂಚಕ್ಕ ಹೊಸ ಫೋಟೋ ಅಂಟಿಸಿ ಪಕ್ಕಕ್ಕೆ ಸರಿಯುತ್ತಾಳೆ. ತಾಯಿ ಎದ್ದು, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಾಳೆ. ಒಳಗಿರುವವನ ಪರಿಚಯ ಆಕೆಗಿಲ್ಲ. ಆದರೂ ತೀರ್ಪು ಬರುತ್ತದೆ.

"ಇವನು ಇನ್ನೂ ಬಂದಿಲ್ಲ ಇದ್ರಲ್ಲಿ. ಮತ್ತೆ ತೆಗಿ."

ಮಿಂಚಕ್ಕ ಒಳಗೆ ಹೋಗುತ್ತಾಳೆ. ಮತ್ತೆ ತೆಗೆಯುತ್ತಾಳೆ. ಎರಡನೆಯದನ್ನು ನೋಡಿ ಆ ತಾಯಿ ಗೋಡೆಗೆ ಬೆನ್ನು ಹಾಕಿ ಕುಳಿತರೆ, ಅದೇ ಒಪ್ಪಿಗೆ. ಹೊಗಳಿದ್ದು ಒಮ್ಮೆಯೂ ಇಲ್ಲ. "ಹೊಗಳೋದು ಬೇಡ. ಬರ್ತಾರಲ್ಲ, ಸಾಕು," ಎನ್ನುತ್ತಾಳೆ ಇವಳು. ಆಸೆ ಏನಾದರೂ ಇದೆಯೇ ಎಂದರೆ ನಾಚುತ್ತಾಳೆ. "ಒಂದ್ಸಲ ನಗೋ ಮುಖ ತೆಗೀಬೇಕು. ಓರಗಿತ್ತಿನ ಹೇಗಾದ್ರೂ ಒಪ್ಪಿಸ್ಬೇಕು."

ಇಂದು ಕಿಟಕಿಯ ಪಕ್ಕದಲ್ಲಿರುವವನನ್ನು ರಾತ್ರಿ ಪೊಲೀಸ್ ಜೀಪು ತಂದು ಬಿಟ್ಟಿದೆ. ರಸ್ತೆ ಬದಿಯಲ್ಲಿ ಬಿದ್ದಿದ್ದ ಎಂದು ತಂದವರ ಹೇಳಿಕೆ. ಕತ್ತಿನ ಸುತ್ತ ಹಗ್ಗದಷ್ಟು ದಪ್ಪದ ಕಪ್ಪು ಗೆರೆಯಿದೆ. ಅವಳು ತೆಗೆದು ಮುಗಿಸುವ ಹೊತ್ತಿಗೆ ಬಾಗಿಲಲ್ಲಿ ಠಾಣೆಯ ಸಾಹೇಬರು ನಿಂತಿದ್ದಾರೆ. ಇಷ್ಟು ಬೆಳಗ್ಗೆ ಅವರು ಇಲ್ಲಿಗೆ ಬಂದದ್ದನ್ನು ಹಿಂದೆಂದೂ ಯಾರೂ ಕಂಡಿಲ್ಲ.

"ತೆಗೆದಾಯ್ತೇನಮ್ಮಾ? ಕೊಡು, ನೋಡೋಣ." ಅವರು ಪರದೆ ನೋಡುತ್ತಾರೆ. "ಛೆ. ಸರಿ ಬಂದಿಲ್ವಲ್ಲ. ನೀನಿನ್ನೂ ಕಲೀತಿದೀಯ ಅಲ್ವಾ? ತಪ್ಪೇನಿಲ್ಲ ಬಿಡು, ಹೊಸಬರಿಗೆ ಹೀಗಾಗುತ್ತೆ. ಇದನ್ನ ಅಳಿಸಿ ಇನ್ನೊಂದು ತೆಗಿ."

ಅವಳ ಫೋಟೋ ಬಗ್ಗೆ ಇಷ್ಟು ಮೆತ್ತಗೆ ಇದುವರೆಗೆ ಯಾರೂ ಮಾತಾಡಿಲ್ಲ. ಮತ್ತೆ ತೆಗಿ ಎಂದರೆ ಎದುರು ಮಾತಾಡಿ ಅವಳಿಗೆ ಅಭ್ಯಾಸವೂ ಇಲ್ಲ. ಕ್ಯಾಮೆರಾ ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗುತ್ತಾಳೆ. ಚಿತ್ರವನ್ನು ದೊಡ್ಡದು ಮಾಡುತ್ತಾಳೆ. ರೆಪ್ಪೆಗೂದಲು ಒಂದೊಂದೂ ಬಿಡಿಬಿಡಿಯಾಗಿವೆ. ಮೈಬಣ್ಣ ಮೈಬಣ್ಣವಾಗಿಯೇ ಇದೆ.

"ಎಲ್ಲಿ ಸರಿ ಬಂದಿಲ್ಲ ಸಾರ್?"

ಸಾಹೇಬರ ಉಗುರು ಪರದೆಯ ಮೇಲೆ ಬಂದು ಕತ್ತಿನ ಮೇಲೆ ನಿಲ್ಲುತ್ತದೆ. "ಇಲ್ಲಿ. ಈ ನೆರಳು ನೋಡು, ಅಸಹ್ಯ. ಗದ್ದದವರೆಗೂ ಬಟ್ಟೆ ಎಳಿ, ತಲೆ ಬಾಚು, ಫ್ಲ್ಯಾಶ್ ಹಾಕು. ಮನೆಯವರು ನೋಡಿದ್ರೆ ಮನಸ್ಸಿಗೆ ಸಮಾಧಾನ ಆಗ್ಬೇಕಲ್ವಾ?"

ಅವಳು ಪರದೆ ನೋಡುತ್ತಾಳೆ. ಮಂಚ ನೋಡುತ್ತಾಳೆ.

"ಅದು ನೆರಳಲ್ಲ ಸಾರ್."

ಕೋಣೆಯನ್ನು ತಂಪಾಗಿಡುವ ಯಂತ್ರ ಒಮ್ಮೆ ಕೆಮ್ಮಿ ನಿಲ್ಲುತ್ತದೆ. ಸಾಹೇಬರ ದನಿ ಇನ್ನೂ ಮೆತ್ತಗಾಗುತ್ತದೆ. "ಗುತ್ತಿಗೆ ಕೆಲಸ ಅಲ್ವಾ ನಿಂದು?"

"ಹೌದು ಸಾರ್."

"ಹಾಗಾದ್ರೆ ಹೇಳಿದಷ್ಟು ಮಾಡು. ಅಳಿಸು."

ಅವಳು ಕ್ಯಾಮೆರಾದ ಪಟ್ಟಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಳ್ಳುತ್ತಾಳೆ.

"ಇದನ್ನ ಕೈಗೆ ತಗೊಂಡಾಗಿಂದ ತೆಗೆದದ್ದೆಲ್ಲ ತಪ್ಪು ಅಂತಾನೇ ಹೇಳಿಸ್ಕೊಂಡಿದೀನಿ ಸಾರ್. ಹೌದು ಅಂತ ಒಪ್ಕೊಂಡೂ ಇದೀನಿ. ಇದು ಮಾತ್ರ ಚೆನ್ನಾಗಿ ಬಂದಿದೆ. ಅಳಿಸಲ್ಲ."