ಅಂಬಕ್ಕ ಖೊಟ್ಟಿ ಎಂದ ಚುಕ್ಕೆಗಳು

ಕಳೆದ ತಿಂಗಳು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ತಮ್ಮ ಮೊಬೈಲನ್ನು ನನ್ನ ಊಟದ ಡಬ್ಬಿಯ ಪಕ್ಕಕ್ಕೆ ಚಾಚಿದರು. ಬಾಹ್ಯಾಕಾಶದ ಹೊಸ ದೂರದರ್ಶಕ ತೆಗೆದ ಚಿತ್ರ. ಕಪ್ಪು ಆಕಾಶದ ತುಂಬ ಕೆಂಪು, ಕಿತ್ತಳೆ ಚುಕ್ಕೆಗಳು. ಒಂದೊಂದೂ ಒಂದೊಂದು ಗೆಲಾಕ್ಸಿ. “ಎಷ್ಟು ಚೆಂದ ಅಲ್ವಾ ಮೇಡಂ? ನಿಮ್ಮ ವಿಷಯವೇ ತಾನೆ?” ಎಂದರು. ಚೆಂದವೇ. ಆದರೆ ನನಗೆ ಬಂದದ್ದು ಸಿಟ್ಟು. ಡಬ್ಬಿಯ ಮುಚ್ಚಳ ಹಾಕಿಬಿಟ್ಟೆ. ಇಂಥ ಚಿತ್ರ ನೋಡಿ ಸಿಟ್ಟಾಗುವ ಖಗೋಳಶಾಸ್ತ್ರದ ಮೇಡಂ ಲಖನೌದಲ್ಲಿ ನಾನೊಬ್ಬಳೇ ಇರಬೇಕು. ಕಾರಣ ಹೇಳುತ್ತೇನೆ, ಕೇಳಿ. ಹೇಳಿಕೊಂಡರೆ ಸಿಟ್ಟು ಇಳಿಯುತ್ತದೆಂಬ ಭರವಸೆಯೇನೂ ನನಗಿಲ್ಲ.

ನಾನು ಕಾಶಿಯಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಕೇದಾರ ಘಾಟಿನಲ್ಲಿ ಕನ್ನಡದ ಯಾತ್ರಿಕರಿಗೆ ಪಿಂಡದಾನ ಮಾಡಿಸುವ ಪುರೋಹಿತರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ. ಬೈಯುವುದಕ್ಕೆ ಮಾತ್ರ ನನಗೆ ಇಂದಿಗೂ ಭೋಜಪುರಿಯೇ ಬೇಕು. ನಮ್ಮ ಕೆಳಗಿನ ಕೋಣೆಗಳಲ್ಲಿ ಕಾಶಿವಾಸಕ್ಕೆ ಬಂದ ಮುದುಕಿಯರಿರುತ್ತಿದ್ದರು. ಅವರಲ್ಲೊಬ್ಬರು ಸವಣೂರು ಕಡೆಯ ಅಂಬಕ್ಕ. ಹದಿನೇಳಕ್ಕೆ ಗಂಡ ಹೋದ. ಆಮೇಲೆ ಐವತ್ತು ವರ್ಷ ಭಾವಂದಿರ ಮನೆಯ ಒಲೆಯ ಮುಂದೆ. ಓದುಬರಹ ಇಲ್ಲ. ಸಾಯಲೆಂದು ಬಂದವರು ಹನ್ನೊಂದು ವರ್ಷವಾದರೂ ಗಟ್ಟಿಮುಟ್ಟಾಗಿದ್ದರು. “ವಿಶ್ವನಾಥಗ ನನ್ನ ನೆನಪs ಹಾರೇದ” ಎಂದು ತಾವೇ ನಗುತ್ತಿದ್ದರು.

ಎರಡು ಸಾವಿರದ ಐದಾರರ ಸುಮಾರಿಗೆ ನಾನು ಕಾಶಿಯ ವಿಶ್ವವಿದ್ಯಾಲಯದಲ್ಲೇ ಪಿಎಚ್.ಡಿ. ಮಾಡುತ್ತಿದ್ದೆ. ಅತಿ ದೂರದ ಗೆಲಾಕ್ಸಿಯ ಬೆಳಕು ನಮ್ಮತ್ತ ಬರುವ ದಾರಿಯಲ್ಲಿ ಹಿಗ್ಗಿ ಹಿಗ್ಗಿ, ಕಣ್ಣಿಗೆ ಕಾಣುವ ಬಣ್ಣಗಳನ್ನೆಲ್ಲ ದಾಟಿ ಅವಕೆಂಪು ಬೆಳಕಾಗಿಬಿಡುತ್ತದೆ. ಹಾಗಾಗಿ ಆಕಾಶದ ಒಂದೇ ತುಣುಕಿನ ಎರಡು ಚಿತ್ರ ಹಿಡಿದು ಕೂರಬೇಕು: ಒಂದು ಮಾಮೂಲಿ ಬೆಳಕಿನದು, ಇನ್ನೊಂದು ಬಾಹ್ಯಾಕಾಶದ ದೂರದರ್ಶಕ ಗಂಟೆಗಟ್ಟಲೆ ದಿಟ್ಟಿಸಿ ತೆಗೆದ ಅವಕೆಂಪಿನದು. ಮೊದಲನೆಯದರಲ್ಲಿ ಖಾಲಿ ಇದ್ದ ಕಡೆ ಎರಡನೆಯದರಲ್ಲಿ ಮಸುಕು ಚುಕ್ಕೆ ಕಂಡರೆ, ಅದು ಬಹಳ ದೂರದ್ದು, ಬಹಳ ಹಳೆಯದು ಎಂದು ಆಸೆಪಡಬಹುದು. ನಮ್ಮ ಗಲ್ಲಿಯ ಕರೆಂಟನ್ನು ನಂಬಿ ಯಾರೂ ಕಂಪ್ಯೂಟರ್ ಮುಂದೆ ಕೂರುತ್ತಿರಲಿಲ್ಲ. ನಾನು ವಿಭಾಗದಲ್ಲಿ ಚಿತ್ರಗಳನ್ನು ಪ್ರಿಂಟ್ ತೆಗೆದು ಮನೆಗೆ ತರುತ್ತಿದ್ದೆ. ಶಾಯಿ ಉಳಿಯಲೆಂದು ತಿರುಗಾಮುರುಗಾ ಮಾಡಿ, ಬಿಳಿ ಆಕಾಶದಲ್ಲಿ ಕಪ್ಪು ಚುಕ್ಕೆ. ಮಂಗಗಳು ಎರಡು ಸಲ ಒಯ್ದು ಹರಿದುಹಾಕಿದ್ದವು.

ಒಂದು ಮಧ್ಯಾಹ್ನ ಅಂಗಳದಲ್ಲಿ ಹಾಳೆ ಹರಡಿಕೊಂಡು ಕೂತಿದ್ದೆ. ಅಂಬಕ್ಕ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದರು.

“ಏನ ಹುಡುಕಲಿಕ್ಕತ್ತೀ ತಂಗಿ?”

“ಈ ಹಾಳೆಯಲ್ಲಿ ಇಲ್ಲದ್ದು ಆ ಹಾಳೆಯಲ್ಲಿ ಇದೆಯಾ ಅಂತ, ಅಂಬಕ್ಕ.”

“ಇಷ್ಟsನ? ತಾ ಇಲ್ಲಿ.”

ಅಂದಿನಿಂದ ಮಧ್ಯಾಹ್ನದ ಸಹಾಯಕ್ಕೆ ಅವರು. ನಾನು ಒಂದು ಹಾಳೆ ಮುಗಿಸುವಷ್ಟರಲ್ಲಿ ಅವರದು ನಾಲ್ಕಾಗಿರುತ್ತಿತ್ತು, ಎಂ.ಎಸ್ಸಿ. ಚಿನ್ನದ ಪದಕದವಳಿಗೆ ಅದೊಂದು ಮುಖಭಂಗ. ಹತ್ತು ದಿನವಾದ ಮೇಲೆ ಅವರು ಹಾಳೆಗಳನ್ನು ಸಾಲಾಗಿಟ್ಟು ಹೆಬ್ಬೆಟ್ಟು ಊರಿ ಅಳೆಯತೊಡಗಿದರು.

“ಇವು ಖೊಟ್ಟಿ ಅವ ನೋಡು. ದೊಡ್ಡ ಚುಕ್ಕಿ ಎಲ್ಲೆಲ್ಲಿ ಅದನೋ ಅಲ್ಲೆಲ್ಲಾ ಅದರ ಬಲಕ್ಕ, ಎರಡು ಹೆಬ್ಬೆಟ್ಟಿನ ದೂರಕ್ಕ ಒಂದ ಸಣ್ಣದು ಕೂತದ. ದೇವರೇನು ಅಳತಿ ಹಿಡದು ಇಟ್ಟಾನ?”

ಖೊಟ್ಟಿ ಎಂದರೆ ಸುಳ್ಳು, ನಕಲಿ. ಉರಿಯುವ ಬಲ್ಬು ನೋಡಿ ಕಣ್ಣು ಮುಚ್ಚಿದರೆ ರೆಪ್ಪೆಯೊಳಗೆ ಒಂದು ಕಲೆ ಉಳಿಯುತ್ತದಲ್ಲ, ದೂರದರ್ಶಕದ ಕ್ಯಾಮೆರಾಕ್ಕೂ ಹಾಗಾಗುತ್ತದೆ. ಹೊಳೆಯುವ ನಕ್ಷತ್ರದ ಕಲೆ ಅದರಲ್ಲಿ ಉಳಿದು, ದೂರದರ್ಶಕ ಚೂರು ಸರಿದು ತೆಗೆದ ಮುಂದಿನ ಚಿತ್ರದಲ್ಲಿ ಅಷ್ಟೇ ದೂರಕ್ಕೆ ಮೂಡುತ್ತದೆ. ಮಾಮೂಲಿ ಬೆಳಕಿನ ಚಿತ್ರದಲ್ಲಿ ಅದು ಇರುವುದೇ ಇಲ್ಲ. ನಾವು ಅತಿ ದೂರದ ಗೆಲಾಕ್ಸಿ ಎಂದು ಕುಣಿದಾಡುತ್ತಿದ್ದ ಚುಕ್ಕೆಗಳಲ್ಲಿ ಮುಕ್ಕಾಲು ಪಾಲು ಇವೇ.

ಮರುದಿನವೇ ಆ ಚುಕ್ಕೆಗಳ ಪಟ್ಟಿ ಹಿಡಿದು ನನ್ನ ಮಾರ್ಗದರ್ಶಕರಾದ ಪ್ರೊಫೆಸರರಿಗೆ ಹೇಳಿದೆ. ಅವರು ಪಟ್ಟಿ ನೋಡಿದರು, ಕನ್ನಡಕ ತೆಗೆದರು. “ಯಾರು ಕಂಡುಹಿಡಿದದ್ದು?” ನಾನು, ಪೆದ್ದಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಕ್ಕರು. “ಘಾಟಿನ ಮುದುಕಿಯರು ಹೇಳಿದರೆಂದು ಪೇಪರ್ ಹಿಂದಕ್ಕೆ ತಗೊಳ್ಳಲಾ? ಮುಂದಿನ ವಾರ ಸಮ್ಮೇಳನ. ಬಾಯಿ ಮುಚ್ಚಿಕೊಂಡು ಸ್ಲೈಡ್ ಮಾಡು.” ಮಾಡಿದೆ.

ಸಮ್ಮೇಳನದಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಅದನ್ನೇ ಕೇಳಿದರು: ಇವೆಲ್ಲ ನಕ್ಷತ್ರಗಳ ಒಂದೇ ಬದಿಗೆ ಯಾಕಿವೆ? ಪ್ರೊಫೆಸರರು ಒಂದು ಕ್ಷಣವೂ ತಡಮಾಡಲಿಲ್ಲ. ನನ್ನತ್ತ ಕೈ ತೋರಿಸಿ, “ಆಯ್ಕೆ ಮಾಡಿದ್ದು ಈ ಹುಡುಗಿ. ಮನೆಯಲ್ಲಿ ಅನಕ್ಷರಸ್ಥ ವಿಧವೆಯೊಬ್ಬಳ ಕೈಲಿ ಮಾಡಿಸಿದ್ದಾಳಂತೆ. ನನಗೆ ಈಗಷ್ಟೇ ಗೊತ್ತಾಯಿತು” ಎಂದರು. ಸಭೆ ನಕ್ಕಿತು. ತಪ್ಪು ಹಿಡಿದವರ ತಲೆಗೇ ತಪ್ಪು ಕಟ್ಟಿದರು, ನೋಡಿ.

ಊರಿಗೆ ಬಂದು ಅಂಬಕ್ಕನ ಮುಂದೆ ಅತ್ತೆ. ಅವರು ಸಮಾಧಾನ ಮಾಡಲಿಲ್ಲ.

“ಅಂವಾ ಅಂದದ್ದು ಇರಲಿ. ನೀ ಏನಂದಿ?”

“ಏನೂ ಅನ್ನಲಿಲ್ಲ.”

“ನಾನೂ ಐವತ್ತ ವರ್ಷ ಏನೂ ಅನಲಿಲ್ಲ” ಎಂದು ಹಲ್ಲು ಕಚ್ಚಿದರು. “ಏನ ಬಂತು? ಹೋಗು, ಅಂದ ಬಾ.”

ಹೋದೆ. ವಿಭಾಗದ ಎಲ್ಲರೂ ಚಹಾಕ್ಕೆ ಸೇರಿದ್ದಾಗ, ಯಾವ ದಿನ ಯಾರು ಯಾರಿಗೆ ಏನು ಹೇಳಿದರೆಂದು ಗಟ್ಟಿಯಾಗಿ ಹೇಳಿದೆ. ಅದನ್ನೇ ಬರೆದೂ ಕೊಟ್ಟೆ. ಪ್ರೊಫೆಸರರಿಗೆ ಏನೂ ಆಗಲಿಲ್ಲ. ನನ್ನ ಮಾರ್ಗದರ್ಶಕರು ಬದಲಾದರು, ಎರಡು ವರ್ಷ ಹೆಚ್ಚು ಹಿಡಿಯಿತು. ಖೊಟ್ಟಿಗಳನ್ನೆಲ್ಲ ತೆಗೆದು ಉಳಿದ ಹಿಡಿಯಷ್ಟು ಗೆಲಾಕ್ಸಿಗಳ ಮೇಲೆ ಪ್ರಬಂಧ ಬರೆದೆ. ಅವು ಇಂದಿಗೂ ಸುಳ್ಳಾಗಿಲ್ಲ.

ಕಥೆ ಇಲ್ಲಿಗೆ ನಿಂತಿದ್ದರೆ ನನ್ನ ಸಿಟ್ಟು ಆ ಪ್ರೊಫೆಸರರೊಬ್ಬರ ಮೇಲಷ್ಟೇ ಇರುತ್ತಿತ್ತು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಅಂಬಕ್ಕನ ಹೆಸರು ಬರೆದು ಅವರಿಗೂ ಹೇಳಿದ್ದೆ. ಹೊಸ ಮಾರ್ಗದರ್ಶಕರು, ಒಳ್ಳೆಯವರೇ, “ಪರೀಕ್ಷಕರು ಮತ್ತೆ ನಗ್ತಾರೆ, ಯಾಕೆ ಬೇಕು?” ಎಂದರು. ಅಳಿಸಿದೆ. ರಟ್ಟು ಹಾಕಿಸಿದ ಪ್ರತಿಯನ್ನು ಮನೆಗೆ ತಂದಾಗ ಅಂಬಕ್ಕ ಹಾಸಿಗೆ ಹಿಡಿದಿದ್ದರು. “ನನ್ನ ಹೆಸರ ಎಲ್ಲಿ ಅದ, ತೋರಸು” ಎಂದರು. ನಾನು ಆ ಪುಟ ತೆರೆದು ಕೈಗೆ ಸಿಕ್ಕ ಸಾಲನ್ನು ತೋರಿಸಿದೆ. ಅವರು ಬೆರಳಿನಿಂದ ಸಾಲನ್ನು ನಿಧಾನಕ್ಕೆ ಸವರಿ ಕಣ್ಣಿಗೊತ್ತಿಕೊಂಡರು. ಆಮೇಲೆ ನೋಡಿದೆ. ರಿವಾಜಿಗೆಂದು ಹಳೆಯ ಪ್ರೊಫೆಸರರಿಗೆ ವಂದನೆ ಹೇಳಿದ ಸಾಲು ಅದು. ಎಂಟು ದಿನಕ್ಕೆ ಅಂಬಕ್ಕ ಹೋದರು.

ಸ್ಟಾಫ್ ರೂಮಿನಲ್ಲಿ ಮೊಬೈಲ್ ನೋಡಿದ ಮುಂದಿನ ಶನಿವಾರ ಕಾಶಿಯ ರೈಲು ಹತ್ತಿದೆ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನನ್ನ ಪ್ರಬಂಧವನ್ನು ಕಪಾಟಿನಿಂದ ತೆಗೆಸಿದೆ. ಇಷ್ಟು ವರ್ಷ ಯಾರೂ ಮುಟ್ಟಿದಂತಿರಲಿಲ್ಲ. ಆ ಪುಟ ತೆರೆದು, ಆ ಸಾಲಿಗೆ ಅಡ್ಡಗೆರೆ ಎಳೆದು, ಮೇಲೆ ಕನ್ನಡದಲ್ಲಿ ಬರೆದೆ: ‘ಈ ಪ್ರಬಂಧದಿಂದ ಹೊರಗಿಟ್ಟ ತಪ್ಪು ಚುಕ್ಕೆಗಳನ್ನು ಮೊದಲು ಗುರುತಿಸಿದವರು ಅಂಬಕ್ಕ, ಸವಣೂರು.’

ಮೇಜಿನಾಚೆಯ ಹೆಂಗಸು ಓಡಿಬಂದಳು. “ಅರೇ ಮೇಡಂ! ಕಿತಾಬ್ ಮೇ ಲಿಖನಾ ಮನಾ ಹೈ!”

“ಬರೆಯಬಾರದು, ಗೊತ್ತು” ಎಂದೆ, ಕನ್ನಡದಲ್ಲೇ. ಪುಸ್ತಕ ಮುಚ್ಚಿದೆ. ಶಾಯಿ ಒಣಗಿದೆಯೇ ಎಂದು ಮತ್ತೊಮ್ಮೆ ತೆರೆದು ನೋಡಿದೆ.