ವಾಪಸ್ ತೆಗೆದುಕೊಳ್ಳದ ವಾಚು

ಮೊನ್ನೆ ಸೇಫ್ಟಿ ಪಿನ್ ಹುಡುಕುತ್ತಾ ಬೀರುವಿನೊಳಗೆ ಕೈ ಹಾಕಿದಾಗ ಅರಗಿನ ಬಣ್ಣದ ಮರದ ಡಬ್ಬಿ ಕೈಗೆ ಸಿಕ್ಕಿತು. ಮುಚ್ಚಳ ತೆಗೆದೆ. ಅರಗಿನ ಆ ವಾಸನೆ... ಚನ್ನಪಟ್ಟಣಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ಇದಕ್ಕೆ ನನಗೆ ತಲೆನೋವು ಬರುತ್ತಿತ್ತು. ಡಬ್ಬಿಯಲ್ಲಿ ಹತ್ತಿಯ ಮೇಲೆ ಗಂಡಸರ ವಾಚೊಂದಿದೆ. ಕೀ ಕೊಡುವ ಹಳೆಯ ಕಾಲದ್ದು. ಚರ್ಮದ ಪಟ್ಟಿಯಲ್ಲಿ ಒಂದೇ ಒಂದು ತೂತು ಹಿಗ್ಗಿ ಅಗಲವಾಗಿದೆ. ವಾಚು ನಮ್ಮ ಮನೆಯವರದ್ದಲ್ಲ, ಎದುರು ಮನೆಯ ಸುಬೇದಾರ್ ಮಾವನದು.

ಮಾವ ಕನಕಪುರದ ಕಡೆಯವರು. ಸೈನ್ಯದಲ್ಲಿ ಬಾಂಬು ನಿಷ್ಕ್ರಿಯಗೊಳಿಸುವ ತುಕಡಿಯಲ್ಲಿದ್ದು ನಿವೃತ್ತರಾಗಿ, ಹೆಂಡತಿಯ ಜೊತೆ ನಮ್ಮ ಬೀದಿಗೆ ಬಂದಿದ್ದರು. ನೆಂಟಸ್ತಿಕೆಯಿಲ್ಲದಿದ್ದರೂ ನನಗೆ ಅವರು ಮಾವ, ಅವರ ಹೆಂಡತಿ ಅತ್ತೆ. "ಬಾಂಬ್ ಹಾಕೋ ಮಿಲಿಟರಿ" ಎಂದು ಯಾರಾದರೂ ಅಂದರೆ ತಿದ್ದುತ್ತಿದ್ದರು. "ಹಾಕೋರು ಬೇರೆ ಕಣವ್ವ. ನಾವು ಎತ್ತೋರು."

ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುವಾಗ ಅವರೂ ಬಂದು ಕೂತು ಸುಲಿಯುತ್ತಿದ್ದರು. ಕಾಫಿ ಕೊಟ್ಟರೆ ಕುಡಿದು ಲೋಟವನ್ನು ಕೆಳಗಿಡುತ್ತಿದ್ದ ರೀತಿಯನ್ನು ನಾನು ಮರೆತಿಲ್ಲ. ಸ್ಟೀಲಿನ ಲೋಟ, ಕಲ್ಲಿನ ಜಗಲಿ. ಒಂದಿಷ್ಟೂ ಸದ್ದಾಗುತ್ತಿರಲಿಲ್ಲ.

ಅವರ ಕೆಲಸದ ಕಥೆಯನ್ನು ಕೇಳಿದ್ದು ಆ ಜಗಲಿಯಲ್ಲೇ. ದೊಡ್ಡ ಮಹಾಯುದ್ಧದಲ್ಲಿ ವಿಮಾನಗಳು ಊರುಗಳ ಮೇಲೆ ಸುರಿದ ಬಾಂಬುಗಳಲ್ಲಿ ಎಷ್ಟೋ ಸಿಡಿಯದೆ ಮನೆಗಳ ಅಡಿಯಲ್ಲಿ, ರಸ್ತೆಯ ಕೆಳಗೆ ಹೂತು ಉಳಿದುಬಿಡುತ್ತಿದ್ದವಂತೆ. ಅವನ್ನು ಅಗೆದು ತೆಗೆಯಲು ಸಲಿಕೆ ಹಿಡಿದ ಸೈನಿಕರ ಗುಂಪುಗಳು ಹುಟ್ಟಿಕೊಂಡವು. ಮೊದಮೊದಲು ಯಾರಿಗೂ ಏನೂ ಗೊತ್ತಿರಲಿಲ್ಲ; ಒಬ್ಬ ಸತ್ತ ಮೇಲೆ ಮುಂದಿನವನು ಅದರಿಂದ ಕಲಿಯಬೇಕಿತ್ತು. ನಮ್ಮಲ್ಲೂ ಗಡಿಯಲ್ಲಿ ಕಾಳಗ ನಿಂತ ಮೇಲೆ ರೈತರು ನೇಗಿಲು ಹೂಡುವ ಮುಂಚೆ ಇವರು ಹೋಗಿ ಹೊಲಗಳನ್ನು ಜಾಲಾಡಬೇಕಿತ್ತು. ಹೊರದೇಶದಿಂದ ಬರುವ ಗುಜರಿ ಕಬ್ಬಿಣದ ರಾಶಿಯಲ್ಲಿ ಕೂಡ ಸಿಡಿಯದ ಫಿರಂಗಿ ಶೆಲ್ಲುಗಳು ಸಿಗುತ್ತಿದ್ದವಂತೆ.

ಬಾಂಬಿನ ಹತ್ತಿರ ಹೋಗುವವನು ಒಬ್ಬನೇ. ಜೊತೆಗಾರ ದೂರದಲ್ಲಿ ಮಣ್ಣಿನ ಗೋಡೆಯ ಹಿಂದೆ ಇರಬೇಕು. ಕಬ್ಬಿಣ ಹತ್ತಿರ ಬಂದರೇ ಕೆಲವು ಬಾಂಬುಗಳು ಎಚ್ಚರವಾಗುವುದರಿಂದ ಹೋಗುವವನು ಬೆಲ್ಟು, ಉಂಗುರ, ವಾಚು ಬಿಚ್ಚಿಡುತ್ತಿದ್ದ. ವಾಚನ್ನು ಮಾತ್ರ ಜೊತೆಗಾರನ ಕೈಗೇ ಕೊಡುವುದು ಅವರ ತುಕಡಿಯ ಪದ್ಧತಿ.

"ಕೆಲ್ಸ ಮುಗಿಸ್ಕೊಂಡು ಬಂದೋನೇ ಕೈ ಚಾಚಿ ಇಸ್ಕೋಬೇಕು. ಇಟ್ಕೊಂಡೋನು ತಾನಾಗಿ ಕೊಡಂಗಿಲ್ಲ."

"ಯಾಕೆ ಮಾವ?"

"ಇಸ್ಕೊಂಡ್ರೆ ತಾನೆ, ಅವ್ನು ಪೂರಾ ವಾಪಸ್ ಬಂದವ್ನೆ ಅನ್ನೋದು..." ಮೊರದಿಂದ ಇನ್ನೊಂದು ಕಾಯಿ ಎತ್ತಿಕೊಂಡು, "ಒಂದ್ಸಲ ಇಸ್ಕೊಳಕ್ಕೆ ಬರ್ಲಿಲ್ಲ ಒಬ್ಬ," ಎಂದರು. ಕೈಯಲ್ಲಿದ್ದ ಕಾಯಿಯನ್ನು ಸುಲಿಯದೆ ಮೊರಕ್ಕೆ ಹಾಕಿ ಎದ್ದು ಹೋದರು.

ನಮ್ಮ ಬೀದಿಯ ಕೊನೆಯಲ್ಲಿ ಬೊಂಬೆ ಮಾಡುವ ಭಾಯ್ ಒಬ್ಬರ ಕಾರ್ಖಾನೆಯಿತ್ತು. ಮುಂದೆ ಮರ ತಿರುಗಿಸಿ ಕಡೆಯುವ ಲೇತ್, ಹಿಂದಿನ ಕೋಣೆಯಲ್ಲಿ ಸಂಸಾರ, ಓಡಾಡಲು ಇದ್ದದ್ದು ಒಂದೇ ಬಾಗಿಲು. ಬಳೆ ಇಡಲು ಈ ಡಬ್ಬಿಯನ್ನು ಮಾಡಿಸಿದ್ದೆ. ಅದನ್ನು ತರಲು ಹೊರಟಾಗ ಮಾವನೂ ಜೊತೆಗೆ ಬಂದರು. ಭಾಯ್ ಒಳಗೆ ಯಾವುದೋ ಬೊಂಬೆಗೆ ಅರಗು ಹಚ್ಚುತ್ತಿದ್ದರು. ಡಬ್ಬಿಯನ್ನು ಬಾಗಿಲಲ್ಲೇ ನನ್ನ ಕೈಗಿಟ್ಟು ಮತ್ತೆ ಲೇತಿನ ಮುಂದೆ ಕೂತರು.

ಮಾವ ಮಾತ್ರ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದರು. ಅವರ ಕಣ್ಣು ಬಾಗಿಲಿನ ಬುಡದಲ್ಲಿತ್ತು. ಬಾಗಿಲು ಗಾಳಿಗೆ ಮುಚ್ಚಿಕೊಳ್ಳದ ಹಾಗೆ ಅಲ್ಲೊಂದು ಹೊಟ್ಟೆ ಉಬ್ಬಿದ ಕಬ್ಬಿಣದ ತುಂಡನ್ನು ಒತ್ತಿಟ್ಟಿದ್ದರು. ಗುಜರಿಯಲ್ಲಿ ಸಿಕ್ಕಿದ್ದಂತೆ. ನಮ್ಮೂರಿನವರ ಕೈಗೆ ಉರುಟಾದದ್ದು ಸಿಕ್ಕರೆ ಬಿಡುತ್ತಾರೆಯೇ! ಭಾಯ್ ಅದನ್ನೂ ಲೇತಿಗೆ ಕಟ್ಟಿ ತಿರುಗಿಸಿ, ಅರಗಿನ ಕಡ್ಡಿ ಒತ್ತಿ, ಕೆಂಪು ಹಳದಿ ಪಟ್ಟೆ ಹಚ್ಚಿ, ತಾಳೆ ಗರಿಯಲ್ಲಿ ಉಜ್ಜಿ ಹೊಳಪು ತಂದಿದ್ದರು. ನೋಡಿದರೆ ದೊಡ್ಡದೊಂದು ಬುಗುರಿ.

"ಭಾಯ್, ಕೈಲಿರೋದನ್ನ ಹಂಗೇ ಬುಟ್ಟು ಎದ್ ಬಾ. ಬಾಗ್ಲು ಮುಟ್ಬೇಡ," ಎಂದರು ಮಾವ. ದನಿ ಏರಿರಲಿಲ್ಲ.

"ಏನ್ ಸುಬೇದಾರ್ರೇ, ಬುಗುರಿಗೆ ಹೆದ್ರಿಕೊಂಬುಟ್ರಾ?" ಭಾಯ್ ನಕ್ಕರು. ಮಾವನ ಮುಖ ನೋಡಿದ ಮೇಲೆ ಅವರ ನಗು ನಿಂತಿತು.

ಬೀದಿ ಖಾಲಿಯಾಯಿತು. ಪೊಲೀಸರಿಗೆ ಫೋನು ಹೋಯಿತು. ಬೆಂಗಳೂರಿನಿಂದ ಸೈನ್ಯದವರು ಬರುತ್ತಾರೆ, ಅಲ್ಲಿಯವರೆಗೆ ಯಾರೂ ಹತ್ತಿರ ಸುಳಿಯಬಾರದು ಎಂದರು. ಆಗ ಭಾಯ್ ತಲೆ ಮೇಲೆ ಕೈ ಹೊತ್ತು ಕೂಗಿದರು. "ಅಮ್ಮಿ ಒಳಗೈತೆ!" ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದ ಅವರ ತಾಯಿ ಆ ಗಡಿಬಿಡಿಯಲ್ಲಿ ಹಿಂದಿನ ಕೋಣೆಯಲ್ಲೇ ಉಳಿದಿದ್ದರು. ಗಾಳಿ ಬೇರೆ ಎದ್ದಿತ್ತು. ಬಾಗಿಲು ಆಗಾಗ ಆ ಬುಗುರಿಗೆ ಬಡಿಯುತ್ತಿತ್ತು.

ಭಾಯ್ ಓಡಲು ಹೊರಟರು; ಮಾವ ಅವರ ರಟ್ಟೆ ಹಿಡಿದರು. "ಇಬ್ರು ಹೋಗಂಗಿಲ್ಲ ಕಣಯ್ಯ. ಒಬ್ನೇ." ಬೆಲ್ಟು ಬಿಚ್ಚಿ ಕೆಳಗೆ ಹಾಕಿದರು. ಆಮೇಲೆ ವಾಚು ಬಿಚ್ಚಿ ನನ್ನ ಅಂಗೈಗೆ ಇಟ್ಟರು. ಅದರ ಪಟ್ಟಿ ಇನ್ನೂ ಬೆಚ್ಚಗಿತ್ತು. ಅದರ ಮೇಲೆ ಬೆರಳು ಮಡಚಿಕೊಂಡೆ.

ಭಾಯ್ ಆಫ್ ಮಾಡದೆ ಬಂದಿದ್ದ ಲೇತ್, ಮನುಷ್ಯರಿಲ್ಲದ ಕಾರ್ಖಾನೆಯಲ್ಲಿ ಒಂದೇ ಸಮ ಗುಂಯ್ ಎನ್ನುತ್ತಿತ್ತು. ಬೀದಿಯ ಈ ತುದಿಗೆ ಅದೊಂದೇ ಸದ್ದು ಕೇಳುತ್ತಿತ್ತು. ಅತ್ತೆ ನನ್ನ ಪಕ್ಕದಲ್ಲಿ ಬಂದು ನಿಂತವರು ವಾಚಿನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿಕೊಂಡರು. ಎಷ್ಟು ಹೊತ್ತಾಯಿತೋ... ಕೊನೆಗೆ ಮಾವ ಅಮ್ಮಿಯನ್ನು ಬೆನ್ನ ಮೇಲೆ ಹೊತ್ತು, ಬಾಗಿಲಿಗೆ ತಾಗದಂತೆ ಅಡ್ಡಡ್ಡ ಹೆಜ್ಜೆಯಿಟ್ಟು ಹೊರಗೆ ಬಂದರು. ಅಮ್ಮಿಯ ಒಂದು ಕೈ ಅವರ ಕೊರಳನ್ನು ಬಳಸಿತ್ತು. ಇನ್ನೊಂದು ಸುಮ್ಮನೆ ಜೋತಾಡುತ್ತಿತ್ತು.

ಸಂಜೆಗೆ ಸೈನ್ಯದ ಹುಡುಗರು ಬಂದು ಪರೀಕ್ಷಿಸಿ ಹೇಳಿದರು. ತರಬೇತಿಗೆ ಬಳಸುವ ಬಾಂಬು, ಒಳಗೆ ಮದ್ದಿಲ್ಲ, ಬರೀ ಸಿಮೆಂಟು. ನೀವು ಮಾಡಿದ್ದೇ ಸರಿ ಎಂದು ಅವರ ಆಫೀಸರ್ ಮಾವನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಆದರೆ ಊರಿಗೆ ಕೇಳಿಸಿದ್ದು "ಮದ್ದಿಲ್ಲ" ಎನ್ನುವುದೊಂದೇ.

ಮರುದಿನದಿಂದ ಶುರುವಾಯಿತು. ಮಾವ ಹಾಲಿಗೆ ಹೊರಟರೆ ಟೀ ಅಂಗಡಿಯಿಂದ, "ಲೇ, ಬುಗುರಿ ಬಂತು ಓಡ್ರಲಾ!" ಕೆಲಸ ಕೆಟ್ಟಿತೆಂದು ಭಾಯ್ ಕೂಡ ಗೊಣಗಿದರು. ಅಮ್ಮಿ ಮಾತ್ರ, "ನನ್ ಮಗ ಒಂದಿನಾನೂ ಹಂಗೆ ಎತ್ಕೊಂಡಿಲ್ಲ," ಎಂದು ಬಂದವರಿಗೆಲ್ಲ ತೊದಲುತ್ತಾ ಹೇಳುತ್ತಿದ್ದರು.

ಮಾವನಿಗೆ ಆ ನಗೆ ತಾಗಿತೋ ಇಲ್ಲವೋ ನನಗೆ ತಿಳಿಯದು. ಬೇರೆಯದೇನೋ ತಾಗಿತ್ತು. ಮತ್ತೆ ಜಗಲಿಗೆ ಬಂದು ಕೂತಾಗ ಅವರ ಕೈಯಲ್ಲಿದ್ದ ಲೋಟ ಕಲ್ಲಿನ ಮೇಲೆ ಗಡಗಡ ಸದ್ದು ಮಾಡಿತು. ಇಬ್ಬರೂ ಕೇಳಿಸದ ಹಾಗೆ ಇದ್ದೆವು. ಕರೆಂಟು ಬಂದು ಎಲ್ಲಾದರೂ ಲೇತ್ ಶುರುವಾದರೆ ಮಾತು ನಿಲ್ಲಿಸುತ್ತಿದ್ದರು. ಬಾಗಿಲು ಬಡಿದರೆ ಎದ್ದು ನಿಲ್ಲುತ್ತಿದ್ದರು. ಬಾಗಿಲುಗಳಿಗೆಲ್ಲ ಬಟ್ಟೆ ಸುತ್ತಿಟ್ಟಿದ್ದಾರೆ ಎಂದು ಅತ್ತೆ ಒಮ್ಮೆ ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ವಾಚನ್ನು ಕೇಳಲೇ ಇಲ್ಲ. ತಾನಾಗಿ ಕೊಡಬಾರದು ಎಂದು ಗೊತ್ತಿದ್ದರಿಂದ ನಾನೂ ಕಾದೆ. ಅವರು ಬಂದಾಗಲೆಲ್ಲ ಈ ಡಬ್ಬಿಯನ್ನು ಕಾಣುವಂತೆ ಕಿಟಕಿಯಲ್ಲಿ ಇಡುತ್ತಿದ್ದೆ. ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟೆ.

"ಮಾವ, ವಾಚು ಬೇಡವಾ?"

ಬರಿಗೈಯ ಮಣಿಕಟ್ಟನ್ನು ಸವರಿಕೊಂಡರು. "ಇರ್ಲವ್ವ. ನಾನಿನ್ನೂ ಬಂದಿಲ್ಲ..."

ತಮಾಷೆಗೆ ಅಂದರೋ ಏನೋ ಎಂದು ಮುಖ ನೋಡಿದೆ. ಅವರು ಬೀದಿಯ ಕೊನೆಯ ಕಡೆ ನೋಡುತ್ತಿದ್ದರು.

ಅವರು ತೀರಿಕೊಂಡು ವರ್ಷಗಳಾದವು. ಸೂತಕ ಕಳೆದ ಮೇಲೆ ವಾಚನ್ನು ಅತ್ತೆಯ ಮುಂದೆ ಹಿಡಿದಿದ್ದೆ. "ನಿನ್ ಕೈಗೆ ಕೊಟ್ಟವ್ರೆ, ನೀನೇ ಮಡಿಕ್ಕೋ," ಎಂದು ತಳ್ಳಿದರು. ಆ ಬಾಗಿಲಿನಿಂದ ಅಮ್ಮಿ ಬಂದರು. ಅವರನ್ನು ಹೊತ್ತುಕೊಂಡಿದ್ದವರು ಬರಲಿಲ್ಲ. ಹಾಗೆಂದು ಯಾರಿಗೆ ಹೇಳಲಿ...

ವಾಚಿಗೆ ಕೀ ಕೊಟ್ಟೆ. ನಡೆಯಿತು. ಕಿವಿಗಿಟ್ಟು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಮತ್ತೆ ಹತ್ತಿಯ ಮೇಲಿಟ್ಟು, ಡಬ್ಬಿಯನ್ನು ಸದ್ದಾಗದ ಹಾಗೆ ಮುಚ್ಚಿದೆ.